‘ಟಿಬೆಟ್ ಕಚೇರಿ’ ಅಂದರೆ ರಾಯಭಾರ ಕಚೇರಿಯೇ? ಬೈಲಕುಪ್ಪೆಯಿಂದ ಅಮೆರಿಕಕ್ಕೆ ಹೊರಟ ಗೆಳತಿಗಾಗಿ ಕೇಳುತ್ತಿದ್ದೇನೆ

ಕಾವೇರಿದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಕುಶಾಲನಗರದವಳು, ಇಲ್ಲೇ ನಮ್ಮದೊಂದು ಬಟ್ಟೆ ಅಂಗಡಿ ಇದೆ. ನನ್ನ ಜೊತೆ ಬಿ.ಕಾಂ ಓದಿದ ಗೆಳತಿ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನವಳು. ಅವಳ ಗಂಡ ನ್ಯೂಯಾರ್ಕಿನಲ್ಲಿದ್ದಾರೆ, ಈಗ ಅಲ್ಲಿನ ಪೌರತ್ವವೂ ಸಿಕ್ಕಿದೆ. ಇವಳೂ ಹೊರಡುವ ತಯಾರಿಯಲ್ಲಿದ್ದಾಳೆ.

ಕೆಲವು ತಿಂಗಳಿಂದ ಅವಳು ಸೆಟ್ಲ್‌ಮೆಂಟ್ ಆಫೀಸಿಗೆ ಅಲೆದಾಡುವುದನ್ನು ನೋಡುತ್ತಿದ್ದೇನೆ. ಒಂದು ದಿನ ಗ್ರೀನ್ ಬುಕ್, ಅಂದರೆ ಅವರ ಆಡಳಿತ ಕೊಟ್ಟ ಪುಸ್ತಕದ ಬಾಕಿ ಕಟ್ಟಬೇಕು ಅಂತಾಳೆ, ಇನ್ನೊಂದು ದಿನ ದೆಹಲಿಯ ದಲೈ ಲಾಮಾ ಬ್ಯೂರೋದಿಂದ ಪತ್ರ ಬರಬೇಕು ಅಂತಾಳೆ. ಅಲ್ಲಿಗೆ ಹೋದ ಮೇಲೆ ವಾಷಿಂಗ್ಟನ್‌ನಲ್ಲಿ ‘ಟಿಬೆಟ್ ಕಚೇರಿ’ ಅಂತ ‘ನಮ್ಮ ಆಫೀಸ್’ ಇದೆ, ಅವರು ನೋಡಿಕೊಳ್ಳುತ್ತಾರೆ ಅಂತ ಧೈರ್ಯವಾಗಿ ಹೇಳ್ತಾಳೆ. ದೇಶವೇ ಕೈಯಲ್ಲಿಲ್ಲದವರಿಗೆ ಇನ್ನೊಂದು ದೇಶದಲ್ಲಿ ಆಫೀಸ್ ಹೇಗಿರುತ್ತೆ? ಅದು ರಾಯಭಾರ ಕಚೇರಿಯಾ, ಸಂಘವಾ, ಟ್ರಸ್ಟಾ? ನಿಜವಾಗಿ ಏನು ಮಾಡಿಕೊಡುತ್ತೆ?

ಅವಳ ಅಮ್ಮ ಇಲ್ಲೇ ಒಬ್ಬರೇ ಇರುತ್ತಾರೆ. ಮಂಡಿ ನೋವು, ಶುಗರ್ ಎರಡೂ ಇದೆ. ನನಗೆ ಹೆಚ್ಚು ಯೋಚನೆ ಆಗಿರುವುದು ಅದೇ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಕೊಪ್ಪದ_ಮೇಷ್ಟ್ರು:

ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮ. ಅರವತ್ತು ವರ್ಷಕ್ಕೂ ಮೇಲೆ ಪಕ್ಕಪಕ್ಕದಲ್ಲೇ ಬದುಕಿದ್ದರೂ ನಮ್ಮವರಲ್ಲಿ ಇದನ್ನು ಕೇಳಿದವರು ಕಡಿಮೆ. ಹಿನ್ನೆಲೆ ಮಾತ್ರ ನಾನು ಹೇಳುತ್ತೇನೆ, ಕಾಗದಪತ್ರದ ವಿಷಯ ತಿಳಿದವರು ಮುಂದೆ ಹೇಳಲಿ.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಗಡಿ ದಾಟಿ ಬಂದರು. ಬಂದವರು ಮೊದಲು ಮಸ್ಸೂರಿಯಲ್ಲಿ ತಮ್ಮ ಆಡಳಿತವನ್ನು ಮತ್ತೆ ಕಟ್ಟಿದರು. 1960ರಲ್ಲಿ ಅದು ಹಿಮಾಚಲದ ಧರ್ಮಶಾಲೆ ಎಂಬ ಊರಿಗೆ ಹೋಯಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಜನರೇ ಆರಿಸಿದ ಪ್ರತಿನಿಧಿಗಳು ಪ್ರಮಾಣವಚನ ತೆಗೆದುಕೊಂಡರು. ಇವತ್ತಿಗೂ ಕ್ಯಾಂಪಿನಲ್ಲಿ ಆ ದಿನವನ್ನು ಪ್ರಜಾಪ್ರಭುತ್ವ ದಿನ ಅಂತ ಆಚರಿಸುತ್ತಾರೆ. ಊಟಕ್ಕೆ, ಸೂರಿಗೆ ಪರದಾಡುತ್ತಿದ್ದ ಹೊತ್ತಿನಲ್ಲಿ ಅವರು ಚುನಾವಣೆಯ ವ್ಯವಸ್ಥೆ ಮಾಡಿಕೊಂಡರು ಅನ್ನುವುದು ನನಗೆ ಈಗಲೂ ದೊಡ್ಡ ವಿಷಯ.

ನಮ್ಮ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುಭೂಮಿ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂತು. ಆಮೇಲೆ ಮುಂಡಗೋಡ, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ನಿಜಲಿಂಗಪ್ಪನವರ ಹೆಸರನ್ನು ದಲೈ ಲಾಮಾ ಇಲ್ಲಿಗೆ ಬಂದಾಗಲೆಲ್ಲ ನೆನೆಯುತ್ತಾರೆ. ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ಪುನರ್ವಸತಿ ಕೆಲಸಕ್ಕೆ.

ನಿನ್ನ ಗೆಳತಿ ಅಲೆದಾಡುತ್ತಿರುವ ಸೆಟ್ಲ್‌ಮೆಂಟ್ ಆಫೀಸ್ ಧರ್ಮಶಾಲೆಯ ಆಡಳಿತದ ಗೃಹ ಇಲಾಖೆಯ ಕೆಳಗೆ ಬರುತ್ತದೆ. ವಾಷಿಂಗ್ಟನ್, ಜಿನೀವಾ, ಲಂಡನ್, ಬ್ರಸೆಲ್ಸ್, ಟೋಕಿಯೊ, ಕ್ಯಾನ್‌ಬೆರಾಗಳಲ್ಲಿರುವ ಕಚೇರಿಗಳು ಅಲ್ಲಿನ ಇನ್ನೊಂದು ಇಲಾಖೆಗೆ ಸೇರಿದವು. ಈಗಿನ ಸಿಕ್ಯೋಂಗ್, ಅಂದರೆ ಆಡಳಿತದ ಮುಖ್ಯಸ್ಥರು, ಪೆನ್ಪಾ ತ್ಸೆರಿಂಗ್. ಬೈಲಕುಪ್ಪೆಯಲ್ಲೇ 1967ರಲ್ಲಿ ಹುಟ್ಟಿ, ಇಲ್ಲಿನ ಸೆಂಟ್ರಲ್ ಸ್ಕೂಲಿನಲ್ಲೇ ಓದಿದವರು. ಸಿಕ್ಯೋಂಗ್ ಆಗುವ ಮುಂಚೆ ಅವರೇ ವಾಷಿಂಗ್ಟನ್ ಕಚೇರಿಯ ಪ್ರತಿನಿಧಿಯಾಗಿದ್ದರು. ಹಾಗಾಗಿ ನಿನ್ನ ಗೆಳತಿ ‘ನಮ್ಮ ಆಫೀಸ್’ ಅನ್ನುವುದರಲ್ಲಿ ಅರ್ಥ ಇದೆ ಕಣಮ್ಮ.

ನಾಲ್ಕನೇ_ಕ್ಯಾಂಪ್:

ಕಾವೇರಿದಂಡೆ ಅವರೇ, ನಾನು ನಿಮ್ಮ ಗೆಳತಿ ಹೊರಟ ದಾರಿಯಲ್ಲೇ ಬಂದವಳು. ಹುಟ್ಟಿದ್ದು, ಬೆಳೆದಿದ್ದು ಬೈಲಕುಪ್ಪೆ ಕ್ಯಾಂಪಿನಲ್ಲಿ. ನಮ್ಮ ಜೋಳದ ಹೊಲಕ್ಕೆ ಕೆಲಸಕ್ಕೆ ಬರುತ್ತಿದ್ದವರ ಮಕ್ಕಳ ಜೊತೆ ಆಡಿ ಕನ್ನಡ ಕಲಿತೆ, ಮೈಸೂರಿನಲ್ಲಿ ನರ್ಸಿಂಗ್ ಓದಿದೆ. ಈಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಆಸ್ಪತ್ರೆ ಕೆಲಸ. ನಮ್ಮ ಏರಿಯಾದ ಟಿಬೆಟಿಯನ್ ಸಂಘದಲ್ಲಿ ಕೆಲವು ವರ್ಷ ಕಾರ್ಯದರ್ಶಿಯಾಗಿದ್ದೆ. ಆಗ ಕಂಡದ್ದನ್ನೇ ಹೇಳ್ತೀನಿ.

ಮೊದಲನೆಯದು, ಅದು ರಾಯಭಾರ ಕಚೇರಿ ಅಲ್ಲ. ನಮ್ಮ ಆಡಳಿತವನ್ನು ಸರ್ಕಾರ ಅಂತ ಯಾವ ದೇಶವೂ ಮಾನ್ಯ ಮಾಡಿಲ್ಲ. ಹಾಗಾಗಿ ಅದು ಪಾಸ್‌ಪೋರ್ಟ್ ಕೊಡಲ್ಲ, ವೀಸಾ ಕೊಡಲ್ಲ, ಏರ್‌ಪೋರ್ಟ್‌ನಲ್ಲಿ ನಿಮ್ಮನ್ನು ಹಿಡಿದು ಕೂರಿಸಿದರೆ ಅಧಿಕಾರದಿಂದ ಬಂದು ಬಿಡಿಸಲೂ ಆಗಲ್ಲ. ಅದರ ಕೈಯಲ್ಲಿರುವುದು ಒಂದೇ ಶಕ್ತಿ: ‘ಇವರು ನಮ್ಮವರು, ಇವರು ಹೇಳುತ್ತಿರುವುದು ನಿಜ’ ಅಂತ ಸಾಕ್ಷಿ ಹೇಳುವುದು. ಆ ಮಾತನ್ನು ಬೇರೆ ಬೇರೆ ಸರ್ಕಾರದವರು ನಂಬುತ್ತಾರಲ್ಲ, ಅದಕ್ಕಾಗಿ ಅರವತ್ತು ವರ್ಷ ದುಡಿದಿದ್ದಾರೆ. ಇದು ಚಿಕ್ಕ ಸಹಾಯ ಅನ್ನಿಸಬಹುದು. ಆದರೆ ದೇಶ ಇಲ್ಲದವರಿಗೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಹೆಸರಿನ ವಿಷಯವನ್ನೇ ತಗೊಳ್ಳಿ. ನಮ್ಮಲ್ಲಿ ಬಹಳ ಜನರಿಗೆ ಮನೆತನದ ಹೆಸರು ಇಲ್ಲ. ಮಗು ಹುಟ್ಟಿದಾಗ ದಲೈ ಲಾಮಾ ಅವರಿಂದ ಹೆಸರು ಕೇಳಿ ತರುತ್ತಾರೆ, ಅವರ ಹೆಸರೇ ತೆಂಜಿನ್ ಆದ್ದರಿಂದ ಕ್ಲಾಸಿನಲ್ಲಿ ಅರ್ಧ ಮಕ್ಕಳು ತೆಂಜಿನ್. ಗಂಡು, ಹೆಣ್ಣು ಅಂತಲೂ ಹೆಸರಿನಲ್ಲಿ ಗೊತ್ತಾಗಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಕ್ಯಾಂಪಿನ ರಿಜಿಸ್ಟರಿನಲ್ಲಿ ಒಂದು ಸ್ಪೆಲಿಂಗ್, ಭಾರತದಲ್ಲಿರಲು ಪೊಲೀಸ್ ಕಚೇರಿಯವರು ಕೊಡುವ ನೋಂದಣಿ ಪತ್ರ, ಅಂದರೆ ಆರ್‌ಸಿಯಲ್ಲಿ ಬರೆದದ್ದು ಇನ್ನೊಂದು, ಸ್ಕೂಲ್ ಟಿಸಿಯಲ್ಲಿ ಮೂರನೆಯದು. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆಲ್ಲ ಜನವರಿ 1. ಅಮೆರಿಕದ ಫಾರಂ ಮೊದಲ ಹೆಸರು, ಕೊನೆಯ ಹೆಸರು ಎರಡೂ ಕೇಳುತ್ತೆ. ಒಂದೇ ಹೆಸರಿದ್ದರೆ ಅದನ್ನು ಕೊನೆಯ ಹೆಸರು ಮಾಡಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಹಾಕಿಬಿಡುತ್ತಾರೆ. ಮುಂದೆ ಬ್ಯಾಂಕಿನಲ್ಲಿ, ಡ್ರೈವಿಂಗ್ ಲೈಸೆನ್ಸಿನಲ್ಲಿ, ಮಗುವಿನ ಶಾಲೆಯಲ್ಲಿ ಆ ಮೂರು ಅಕ್ಷರ ಹಿಂಬಾಲಿಸುತ್ತೆ.

ನಮ್ಮ ಸಂಘಕ್ಕೆ ಒಬ್ಬ ತಾಯಿ ಬಂದಿದ್ದರು. ಮಗಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದರು. ಮಗಳ ಜನನ ಪತ್ರದಲ್ಲಿ ತಾಯಿಯ ಹೆಸರಿನ ಸ್ಪೆಲಿಂಗ್ ಬೇರೆ, ತಾಯಿಯ ಪೌರತ್ವದ ಕಾಗದದಲ್ಲಿ ಬೇರೆ. ಇಬ್ಬರೂ ಒಬ್ಬರೇ ಅನ್ನುವುದಕ್ಕೆ ಇನ್ನಷ್ಟು ಪುರಾವೆ ಕೊಡಿ ಅಂತ ಇಮಿಗ್ರೇಷನ್‌ನವರು ಕಾಗದ ಕಳಿಸಿದರು. ಆಕೆ ಹೊಟೇಲಿನಲ್ಲಿ ಪಾತ್ರೆ ತೊಳೆದು ಬಂದವರು ನನ್ನ ಮುಂದೆ ಆ ಕಾಗದ ಇಟ್ಟು, ‘ನಾನು ಅವಳ ಅಮ್ಮ ಅಂತ ಯಾರು ಹೇಳಬೇಕು?’ ಅಂತ ಕೇಳಿದರು.

ಹೇಳಬೇಕಾದವರು ಬೈಲಕುಪ್ಪೆಯಲ್ಲಿದ್ದರು. ನಾವು ಅವರ ಕ್ಯಾಂಪಿನ ಮುಖಂಡರಿಗೆ ಫೋನ್ ಮಾಡಿಸಿದೆವು. ಅವರು ಆ ಮನೆಯ ದಾಖಲೆ ತೆಗೆದರು. ಯಾವ ವರ್ಷ ಯಾರು ಹುಟ್ಟಿದರು, ಯಾರು ತೀರಿಕೊಂಡರು, ಯಾರು ಯಾವ ಶಾಲೆಗೆ ಸೇರಿದರು ಅಂತ ಮನೆ ಮನೆಗೂ ಬರೆದಿಟ್ಟಿರುತ್ತಾರೆ. ಅದರ ಮೇಲೆ ಮುಖಂಡರು ಸಹಿ ಹಾಕಿ ಸೆಟ್ಲ್‌ಮೆಂಟ್ ಆಫೀಸಿಗೆ ಕೊಟ್ಟರು, ಅಲ್ಲಿಂದ ಅದು ದೆಹಲಿಯ ದಲೈ ಲಾಮಾ ಬ್ಯೂರೋಗೆ ಹೋಯಿತು, ಬ್ಯೂರೋ ಲೆಟರ್‌ಹೆಡ್‌ನಲ್ಲಿ ಪತ್ರ ಬರೆದುಕೊಟ್ಟಿತು. ಆಕೆಯ ಗ್ರೀನ್ ಬುಕ್‌ನಲ್ಲಿ ಹಳೆಯ ಫೋಟೊ ಇತ್ತು, ತಂದೆ ತಾಯಿ ಹೆಸರಿತ್ತು, ಅದರ ನಕಲನ್ನೂ ಲಗತ್ತಿಸಿದೆವು. ಮಗಳು ಬಂದಳು. ಈ ಇಡೀ ಕೆಲಸದಲ್ಲಿ ಯಾರೂ ಆಕೆಯಿಂದ ಲಂಚ ಕೇಳಲಿಲ್ಲ, ಯಾರೂ ಆಕೆಯನ್ನು ನಿಂದಿಸಲಿಲ್ಲ. ಪ್ರತಿನಿಧಿ ಕಚೇರಿಯ ಬೆಂಬಲ ಅಂದರೆ ನನಗೆ ಮೊದಲು ನೆನಪಾಗುವುದು ಇದು.

ಗ್ರೀನ್ ಬುಕ್ ಬೇರೆ, ಅಮೆರಿಕದ ಗ್ರೀನ್ ಕಾರ್ಡ್ ಬೇರೆ, ನಿಮ್ಮ ಗೆಳತಿಯ ಮನೆಯವರಲ್ಲಿ ಯಾರಿಗಾದರೂ ಗೊಂದಲ ಇದ್ದರೆ ಹೇಳಿಬಿಡಿ. ಗ್ರೀನ್ ಬುಕ್ 1972ರಲ್ಲಿ ಶುರುವಾದದ್ದು. ನಮ್ಮ ಆಡಳಿತಕ್ಕೆ ವರ್ಷಕ್ಕಿಷ್ಟು ಅಂತ ‘ಚಾಟ್ರೆಲ್’ ಎಂಬ ವಂತಿಗೆ ಕಟ್ಟುತ್ತೇವೆ, ಕಟ್ಟಿದ್ದು ಅದರಲ್ಲಿ ದಾಖಲಾಗುತ್ತೆ. ಅದರ ಆಧಾರದ ಮೇಲೆಯೇ ಮತದಾನ, ವಿದ್ಯಾರ್ಥಿವೇತನ. ಕ್ಯಾಂಪಿನಲ್ಲಿದ್ದರೂ ಕ್ವೀನ್ಸ್‌ನಲ್ಲಿದ್ದರೂ ಪುಸ್ತಕ ಅದೇ.

ವಾಷಿಂಗ್ಟನ್ ಕಚೇರಿ 1964ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಗಿ ಆಮೇಲೆ ಅಲ್ಲಿಗೆ ಹೋದದ್ದು. ಸಿಬ್ಬಂದಿ ಬೆರಳೆಣಿಕೆಯಷ್ಟು. ಅಮೆರಿಕ, ಕೆನಡಾ ಎರಡನ್ನೂ ಅವರೇ ನೋಡಬೇಕು. ಅವರ ಸಮಯದ ದೊಡ್ಡ ಪಾಲು ಸಂಸದರನ್ನು, ಅಧಿಕಾರಿಗಳನ್ನು ಭೇಟಿ ಮಾಡುವುದರಲ್ಲಿ ಹೋಗುತ್ತೆ. ಇದರಿಂದ ಸಾಮಾನ್ಯ ಜನರಿಗೇನು ಅಂತ ಕೇಳುವವರು ನಮ್ಮಲ್ಲೂ ಇದ್ದಾರೆ. ನಾನು ಒಪ್ಪಲ್ಲ. 1990ರ ಅಮೆರಿಕದ ವಲಸೆ ಕಾಯ್ದೆಯಲ್ಲಿ ಭಾರತ, ನೇಪಾಳದಲ್ಲಿದ್ದ ಟಿಬೆಟಿಯನ್ನರಿಗೆ ಅಂತ 1000 ವೀಸಾ ಇಟ್ಟರಲ್ಲ, ಅದರಲ್ಲಿ ಬಂದವರೇ ಇಲ್ಲಿನ ಸಮುದಾಯದ ಬುಡ. ಅವರು ಬಂದು, ನೆಲೆಯೂರಿ, ಹೆಂಡತಿ ಮಕ್ಕಳನ್ನು ಕರೆಸಿದ್ದರಿಂದ ನಾವೆಲ್ಲ ಇಲ್ಲಿದ್ದೇವೆ. 2002ರ ಟಿಬೆಟ್ ನೀತಿ ಕಾಯ್ದೆ, 2024ರ ಜುಲೈನಲ್ಲಿ ಸಹಿಯಾದ ಟಿಬೆಟ್ ವಿವಾದದ ಕಾಯ್ದೆ, ಇವೂ ಒಬ್ಬಿಬ್ಬರು ಒಂದು ದಿನ ಓಡಾಡಿದ್ದಕ್ಕೆ ಬಂದದ್ದಲ್ಲ.

ಆದರೆ ನಿಮ್ಮ ಗೆಳತಿ ಬಂದ ಮೊದಲ ವಾರದಲ್ಲಿ ಎದುರಾಗುವುದು ಆ ಕಚೇರಿಯಲ್ಲ. ಎದುರಾಗುವುದು ಊರಿನ ಸಂಘ, ಮತ್ತೆ ಕೀದುಕ್. ಒಂದೇ ಸೆಟ್ಲ್‌ಮೆಂಟಿನಿಂದ ಅಥವಾ ಟಿಬೆಟಿನ ಒಂದೇ ಸೀಮೆಯಿಂದ ಬಂದವರು ಕಟ್ಟಿಕೊಂಡ ಗುಂಪು ಅದು. ಬೈಲಕುಪ್ಪೆಯವರದ್ದೂ ಇದೆ. ಬಾಡಿಗೆ ಮನೆ ಎಲ್ಲಿ, ಯಾವ ಆಸ್ಪತ್ರೆಯಲ್ಲಿ ಕಡಿಮೆ ಖರ್ಚು, ಯಾರ ಮನೆಯಲ್ಲಿ ಮಗು ನೋಡಿಕೊಳ್ಳಲು ಆಳು ಬೇಕು, ಎಲ್ಲ ಅಲ್ಲಿ ಗೊತ್ತಾಗುತ್ತೆ. ಸತ್ತರೆ ಹೆಗಲು ಕೊಡುವವರೂ ಅವರೇ. ಯಾರಾದರೂ ತೀರಿಕೊಂಡರೆ ಅದೇ ರಾತ್ರಿ ಹಣ ಕೂಡಿಸುತ್ತಾರೆ, ಬೈಲಕುಪ್ಪೆಯ ಸೆರಾ ಮಠಕ್ಕೆ ಪೂಜೆಗೆ ಕಳಿಸುತ್ತಾರೆ, 49 ದಿನದ ಕರ್ಮಗಳು ಇಲ್ಲಿಯೂ ಅಲ್ಲಿಯೂ ನಡೆಯುತ್ತವೆ. ಕಚೇರಿ ಮಾಡುವುದು ಈ ಸಂಘಗಳನ್ನೆಲ್ಲ ಧರ್ಮಶಾಲೆಗೆ ಜೋಡಿಸಿಡುವ ಕೆಲಸ. ಕೆಲಸ ಕೊಡಿಸುತ್ತಾರೆ, ವಕೀಲರ ಫೀಸು ಕಟ್ಟುತ್ತಾರೆ ಅಂತ ಅಂದುಕೊಂಡು ಬಂದರೆ ಬೇಜಾರಾಗುತ್ತೆ. ಅದನ್ನು ಅವಳಿಗೆ ಈಗಲೇ ಹೇಳಿ.

ಭಾನುವಾರದ ಶಾಲೆ ಬಗ್ಗೆ ಒಂದು ಮಾತು ಹೇಳಲೇಬೇಕು. ಇಲ್ಲಿ ಹುಟ್ಟಿದ ಮಕ್ಕಳು ವಾರವೆಲ್ಲ ಇಂಗ್ಲಿಷ್. ಭಾನುವಾರ ಬೆಳಿಗ್ಗೆ ನಮ್ಮ ಉಡುಪು ಚುಪಾ ಉಡಿಸಿ ಕರೆತರುತ್ತೇವೆ. ಪುಸ್ತಕ ಧರ್ಮಶಾಲೆಯ ಶಿಕ್ಷಣ ಇಲಾಖೆಯವು. ಮೇಷ್ಟರುಗಳೆಲ್ಲ ನಮ್ಮ ಹಾಗೆ ವಾರಪೂರ್ತಿ ದುಡಿದು ಬಂದವರು. ಬೈಲಕುಪ್ಪೆಯಲ್ಲಿ ನಾನು ಹಲಗೆಯ ಮೇಲೆ ಬಿದಿರಿನ ಕಡ್ಡಿಯಿಂದ ‘ಕ ಖ ಗ ಙ’ ತಿದ್ದಿದ್ದೆ, ನಿಮ್ಮ ವರ್ಣಮಾಲೆಯ ಸಾಲೇ ಅದು, ‘ಘ’ ಮಾತ್ರ ಇಲ್ಲ. ನನ್ನ ಮಗ ಅದನ್ನೇ ಕ್ವೀನ್ಸ್‌ನ ಬಾಡಿಗೆ ಸಭಾಂಗಣದಲ್ಲಿ ತಿದ್ದುತ್ತಾನೆ. ಕಚೇರಿಯ ಪ್ರತಿನಿಧಿ ಬಂದಾಗ ಮಕ್ಕಳಿಂದ ಓದಿಸಿ ಕೇಳುತ್ತಾರೆ. ಆ ಅರ್ಧ ಗಂಟೆಗೆ ಮಕ್ಕಳು ತಿಂಗಳಿಡೀ ತಯಾರಾಗುತ್ತಾರೆ.

ಬಿಸಿಲುಮಳೆ:

ಮೇಲಿನ ಉತ್ತರ ಓದಿ ಖುಷಿಯಾಯಿತು. ಒಂದು ಸಂಶಯ. ಚಾಟ್ರೆಲ್ ಅಂದರೆ ತೆರಿಗೆಯೇ ಅಲ್ಲವೇ? ಅಮೆರಿಕಕ್ಕೆ ತೆರಿಗೆ ಕಟ್ಟುವವರು ಇನ್ನೊಂದು ಆಡಳಿತಕ್ಕೂ ಕಟ್ಟಬೇಕೇ? ಕಟ್ಟದಿದ್ದರೆ ಪತ್ರ ಕೊಡುವುದಿಲ್ಲವೇ? ಬಡವರ ಮೇಲೆ ಇದು ಹೊರೆಯಲ್ಲವೇ?

ನಾಲ್ಕನೇ_ಕ್ಯಾಂಪ್:

ಬಿಸಿಲುಮಳೆ ಅವರೇ, ಕೇಳಬೇಕಾದ ಪ್ರಶ್ನೆಯೇ. ಕಾನೂನಿನ ಪ್ರಕಾರ ಅದು ತೆರಿಗೆಯಲ್ಲ, ವಸೂಲಿ ಮಾಡುವ ಪೊಲೀಸರೂ ಇಲ್ಲ, ಕಟ್ಟದವರನ್ನು ಜೈಲಿಗೆ ಹಾಕುವವರೂ ಇಲ್ಲ. ಆದರೆ ಬಾಕಿ ಇದ್ದರೆ ಓಟು ಹಾಕಲು ಆಗಲ್ಲ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಪುಸ್ತಕ ಕೇಳುತ್ತಾರೆ. ಆದ್ದರಿಂದ ಪೂರ್ತಿ ಐಚ್ಛಿಕ ಅಂತ ನಾನು ಹೇಳಲ್ಲ. ಮೊತ್ತ ಭಾರತದಲ್ಲಿರುವವರಿಗೆ ತೀರಾ ಕಡಿಮೆ, ಹೊರದೇಶದಲ್ಲಿರುವವರಿಗೆ ಜಾಸ್ತಿ, ಮಕ್ಕಳಿಗೂ ವಿದ್ಯಾರ್ಥಿಗಳಿಗೂ ಕಡಿಮೆ. ದುಡಿಯುವವರಿಗೆ ಅದು ಹೊರೆ ಆಗುವಷ್ಟಿಲ್ಲ. ಇಷ್ಟು ವರ್ಷ ಬಾಕಿ ಉಳಿಸಿಕೊಂಡು ಒಟ್ಟಿಗೆ ಕಟ್ಟಲು ಬಂದವರಿಗೆ ಮಾತ್ರ ಭಾರ ಅನ್ನಿಸುತ್ತೆ.

ನಮ್ಮ ಸಂಘದಲ್ಲಿ ಚಾಟ್ರೆಲ್ ಕಟ್ಟಿಸಿಕೊಳ್ಳುವ ದಿನ ಹೇಗಿರುತ್ತೆ ಅಂದರೆ, ಸಭಾಂಗಣದ ಒಂದು ಮೂಲೆಯಲ್ಲಿ ಮಡಚುವ ಮೇಜು ಹಾಕುತ್ತೇವೆ. ಹಸಿರು ಪುಸ್ತಕಗಳ ಗುಡ್ಡೆ, ಇಂಕ್ ಪ್ಯಾಡ್, ರಸೀದಿ ಪುಸ್ತಕ. ಇಡೀ ಕುಟುಂಬದ ಪುಸ್ತಕಗಳನ್ನು ರಬ್ಬರ್ ಬ್ಯಾಂಡ್ ಹಾಕಿ ತರುತ್ತಾರೆ. ಒಬ್ಬ ಅಜ್ಜಿ ತೀರಿಹೋದ ಗಂಡನ ಪುಸ್ತಕವನ್ನೂ ತಂದು, ಅವರ ಹೆಸರಲ್ಲೂ ಕಟ್ಟಿಸಿಕೊಳ್ಳಿ ಅಂದರು. ನಿಯಮ ಇಲ್ಲ ಅಂತ ಹೇಳಿದ್ದಕ್ಕೆ ಅದೇ ಹಣವನ್ನು ಶಾಲೆಯ ಡಬ್ಬಿಗೆ ಹಾಕಿ ಹೋದರು. ಹೊರೆ ಅಂದುಕೊಂಡವರು ಹೀಗೆ ಮಾಡುವುದಿಲ್ಲ.

ಇನ್ನೊಂದು, ಕಟ್ಟಿದವರಿಗೆ ಕೇಳುವ ಹಕ್ಕೂ ಇದೆ. ದೇಶಭ್ರಷ್ಟ ಸಂಸತ್ತಿನಲ್ಲಿ 45 ಸದಸ್ಯರು. ಟಿಬೆಟಿನ ಮೂರು ಪ್ರಾಂತ್ಯಗಳಿಂದ ಹತ್ತು ಹತ್ತು, ಧಾರ್ಮಿಕ ಪಂಥಗಳಿಂದ ಹತ್ತು, ಅಮೆರಿಕ ಖಂಡಗಳಿಂದ ಇಬ್ಬರು, ಯುರೋಪಿನಿಂದ ಇಬ್ಬರು, ಆಸ್ಟ್ರೇಲಿಯಾ ಮತ್ತು ಉಳಿದ ಏಷ್ಯಾದಿಂದ ಒಬ್ಬರು. 2011ರಲ್ಲಿ ದಲೈ ಲಾಮಾ ತಮ್ಮ ರಾಜಕೀಯ ಅಧಿಕಾರವನ್ನು ಪೂರ್ತಿ ಬಿಟ್ಟುಕೊಟ್ಟ ಮೇಲೆ ಈ ಓಟಿಗೆ ತೂಕ ಬಂದಿದೆ. 2021ರ ಚುನಾವಣೆಯಲ್ಲಿ ನಾನು ರಾತ್ರಿ ಪಾಳಿ ಮುಗಿಸಿ ನೇರ ಮತಗಟ್ಟೆಗೆ ಹೋಗಿ ಸಾಲಿನಲ್ಲಿ ನಿಂತಿದ್ದೆ. ನಮ್ಮ ಪ್ರತಿನಿಧಿಗಳು ಊರಿಗೆ ಬಂದಾಗ ಜನ ಎದ್ದು ನಿಂತು ಖಡಾಖಂಡಿತವಾಗಿ ಪ್ರಶ್ನೆ ಕೇಳುತ್ತಾರೆ, ಜಗಳವೂ ಆಗುತ್ತೆ. ಪ್ರಾಂತ್ಯದ ಹೆಸರಿನಲ್ಲಿ ಗುಂಪು ಕಟ್ಟುವುದು ಜಾಸ್ತಿಯಾಗಿದೆ ಅನ್ನುವುದು ನನಗೂ ನೋವಿನ ವಿಷಯ.

ವಕೀಲ_ಹುಣಸೂರು:

ಪೌರತ್ವದ ಅಂಶ ಇಲ್ಲಿ ಬರಲಿಲ್ಲ, ಅದನ್ನು ಸೇರಿಸುತ್ತೇನೆ. ಭಾರತದ ಪೌರತ್ವ ಕಾಯ್ದೆ 1955ರ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು, ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2013ರಲ್ಲಿ ಹೇಳಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. 2016ರ ದೆಹಲಿ ಹೈಕೋರ್ಟ್ ತೀರ್ಪಿನ ನಂತರ 2017ರಲ್ಲಿ ಪಾಸ್‌ಪೋರ್ಟ್ ಕಚೇರಿಗಳಿಗೂ ಸೂಚನೆ ಹೋಯಿತು. ಆದರೆ ಆರ್‌ಸಿ, ಪ್ರಯಾಣ ಪುಸ್ತಕವಾದ ಐಸಿ ಎರಡನ್ನೂ ಒಪ್ಪಿಸಬೇಕು, ಸೆಟ್ಲ್‌ಮೆಂಟಿನಲ್ಲಿ ಇರಬಾರದು, ನಿರಾಶ್ರಿತರಿಗೆ ಸಿಗುವ ಸವಲತ್ತು ಬಿಡಬೇಕು ಎಂಬ ಷರತ್ತುಗಳೂ ಬಂದವು.

ಕ್ಯಾಂಪಿನ ಮನೆಯಲ್ಲೇ ಹುಟ್ಟಿ, ಆ ಹೊಲದಲ್ಲೇ ದುಡಿದವರಿಗೆ ಇದು ಕಠಿಣ ಆಯ್ಕೆ. ಅದಕ್ಕೇ ಅರ್ಹತೆ ಇರುವವರಲ್ಲೂ ಎಷ್ಟೋ ಜನ ಅರ್ಜಿ ಹಾಕಿಲ್ಲ. ಇದು ಅವರವರ ನಿರ್ಧಾರಕ್ಕೆ ಬಿಟ್ಟದ್ದು ಎಂಬುದು ಧರ್ಮಶಾಲೆಯ ಆಡಳಿತ ತಳೆದ ನಿಲುವು. ಅದು ಸರಿಯಾದ ನಿಲುವು ಎಂದೇ ನನ್ನ ಅಭಿಪ್ರಾಯ. ಗೆಳತಿಯ ವಯಸ್ಸು ನೀವು ಹೇಳಿಲ್ಲ, ಬಿ.ಕಾಂ ಸಹಪಾಠಿ ಎಂದರೆ 1987ರ ನಂತರ ಹುಟ್ಟಿರಬಹುದು. ಹಾಗಿದ್ದರೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರೇ ಎಂಬ ಪ್ರಶ್ನೆ ಬರುತ್ತದೆ, ಅದನ್ನು ಕಾಗದ ನೋಡಿಯೇ ಹೇಳಬೇಕು.

ಅವಳು ಐಸಿ ಮೇಲೆ ಹೊರಡುವುದಾದರೆ ಒಂದು ಎಚ್ಚರಿಕೆ. ಐಸಿ ಎಂದರೆ ಭಾರತ ಸರ್ಕಾರವೇ ಟಿಬೆಟಿಯನ್ನರಿಗೆ ಕೊಡುವ ಹಳದಿ ಬಣ್ಣದ ಪ್ರಯಾಣ ಪುಸ್ತಕ. ಬ್ಯೂರೋ ಶಿಫಾರಸು ಮಾಡುತ್ತದೆ, ಕೊಡುವುದು ನಮ್ಮ ಪಾಸ್‌ಪೋರ್ಟ್ ಇಲಾಖೆ. ಅದರಲ್ಲಿ ‘ನೋರಿ’ ಮುದ್ರೆ, ಅಂದರೆ ಭಾರತಕ್ಕೆ ಮರಳಲು ಆಕ್ಷೇಪಣೆ ಇಲ್ಲ ಎಂಬ ಮುದ್ರೆ ಇದೆಯೇ ನೋಡಿಕೊಳ್ಳಲಿ. ಹೊರಡುವ ಮುಂಚೆ ಎಕ್ಸಿಟ್ ಪರ್ಮಿಟ್ ಕೂಡ ಬೇಕು. ಟಿಕೆಟ್ ತೆಗೆದ ಮೇಲೆ ಇದಕ್ಕೆ ಓಡಾಡುವ ಪರಿಸ್ಥಿತಿ ತಂದುಕೊಳ್ಳಬಾರದು.

ಕಾವೇರಿದಂಡೆ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಸಂಜೆ ಅವಳ ಮನೆಗೆ ಹೋಗಿ ಇದನ್ನೆಲ್ಲ ಓದಿ ಹೇಳಿದೆ. ಎಫ್‌ಎನ್‌ಯು ವಿಷಯ ಕೇಳಿ ಐಸಿ ತೆಗೆದು ನೋಡಿಕೊಂಡಳು, ಅವಳಿಗೆ ಎರಡು ಹೆಸರು ಇದೆ, ಆ ತೊಂದರೆ ಇಲ್ಲ. ಆದರೆ ಅವಳ ಆರ್‌ಸಿಯಲ್ಲಿ ಅಮ್ಮನ ಹೆಸರಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ಅಮ್ಮ ಟೀ ಕೊಟ್ಟು ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡರು. ‘ನನ್ನ ಬಗ್ಗೆ ಏನೂ ಕೇಳಬೇಡ, ನಾನು ಇರ್ತೀನಿ’ ಅಂದರು. ಅಕ್ಕ, ಅವರ ವಿಷಯ ಹೇಳಿ.

ನಾಲ್ಕನೇ_ಕ್ಯಾಂಪ್:

ನೀವು ಕೂತು ಓದಿ ಹೇಳಿದ್ದಕ್ಕೆ ಏನು ಹೇಳಲಿ ತಂಗಿ. ನಮ್ಮಮ್ಮನೂ ಹೀಗೇ ಅಂದಿದ್ದರು.

ಈ ವಿಷಯದಲ್ಲಿ ವಾಷಿಂಗ್ಟನ್‌ಗಿಂತ ನಿಮ್ಮ ಪಕ್ಕದ ಸೆಟ್ಲ್‌ಮೆಂಟ್ ಆಫೀಸೇ ಮುಖ್ಯ. ಧರ್ಮಶಾಲೆಯ ಆರೋಗ್ಯ ಇಲಾಖೆ 2012ರಲ್ಲಿ ಟಿಬೆಟಿಯನ್ ಮೆಡಿಕೇರ್ ಅಂತ ಯೋಜನೆ ತಂದಿದೆ. ವರ್ಷಕ್ಕೊಮ್ಮೆ ಕಂತು ಕಟ್ಟಿ ಹೆಸರು ನೋಂದಾಯಿಸಿದರೆ ಆಸ್ಪತ್ರೆಗೆ ಸೇರಿದಾಗ ಖರ್ಚಿನ ಒಂದು ಭಾಗ ಸಿಗುತ್ತೆ. ನೋಂದಣಿಗೆ ಗಡುವು ಇರುತ್ತೆ, ಅದು ಮೀರಿದರೆ ಮುಂದಿನ ವರ್ಷವೇ. ಅವಳು ಹೊರಡುವ ಮುಂಚೆ ಅಮ್ಮನ ಹೆಸರು ಅದರಲ್ಲಿದೆಯಾ ನೋಡಲಿ. ಇದಕ್ಕೂ ಅಮ್ಮನ ಗ್ರೀನ್ ಬುಕ್ ಬಾಕಿ ಇಲ್ಲದ ಹಾಗೆ ಇಟ್ಟಿರಲಿ, ಯಾವ ಅರ್ಜಿಗೂ ಮೊದಲು ಅದನ್ನೇ ತೆರೆದು ನೋಡುತ್ತಾರೆ. ಶುಗರ್ ಮಾತ್ರೆ, ತಪಾಸಣೆಗೆ ಸೆಟ್ಲ್‌ಮೆಂಟ್ ಆಸ್ಪತ್ರೆಯಲ್ಲಿ ಕಾರ್ಡ್ ಮಾಡಿಸಲಿ. ಅಲ್ಲಿನ ನರ್ಸ್‌ಗಳಿಗೆ ಟಿಬೆಟಿಯನ್ ಬರುತ್ತೆ, ಎಲ್ಲಿ ನೋವು, ಎಂಥ ನೋವು ಅಂತ ವಯಸ್ಸಾದವರು ತಮ್ಮ ಮಾತಿನಲ್ಲಿ ಹೇಳಿಕೊಳ್ಳಬಹುದು. ನನ್ನ ಕೆಲಸದಲ್ಲಿ ನೋಡಿದ್ದೇನೆ, ಭಾಷೆ ಬಾರದ ಕಡೆ ನಮ್ಮ ಹಿರಿಯರು ನೋವನ್ನೇ ಮುಚ್ಚಿಡುತ್ತಾರೆ.

ವೃದ್ಧಾಶ್ರಮವೂ ಬೈಲಕುಪ್ಪೆಯಲ್ಲಿದೆ. ಆದರೆ ಅದು ಮುಖ್ಯವಾಗಿ ಯಾರೂ ಇಲ್ಲದವರಿಗೆ. ಮಕ್ಕಳು ಹೊರದೇಶದಲ್ಲಿದ್ದೂ ಒಂಟಿಯಾದವರು ಈಗ ಎಷ್ಟೊಂದು ಮನೆಗಳಲ್ಲಿ ಇದ್ದಾರೆ. ನಮ್ಮ ಆಡಳಿತ 2009ರಲ್ಲಿ ಮಾಡಿದ ಜನಗಣತಿಯಲ್ಲಿ ಭಾರತದಲ್ಲಿ 94,203 ಟಿಬೆಟಿಯನ್ನರು, ಭಾರತ, ನೇಪಾಳ, ಭೂತಾನ್ ಬಿಟ್ಟು ಬೇರೆ ದೇಶಗಳಲ್ಲಿ 18,920 ಮಂದಿ ಇದ್ದರು. ಆಮೇಲೆ ನಮ್ಮ ಬೀದಿಯಲ್ಲೇ ಬೀಗ ಬಿದ್ದ ಮನೆಗಳನ್ನು ನೋಡಿದರೆ ಜನ ಎತ್ತ ಹೋದರು ಅಂತ ಗೊತ್ತಾಗುತ್ತೆ. ನಮ್ಮ ಕಚೇರಿಗಳು ಹೊರಗೆ ಹೋದವರ ಬಗ್ಗೆ ಯೋಚಿಸಿದಷ್ಟು, ಹೊರಗೆ ಹೋದವರು ಬಿಟ್ಟುಹೋದ ತಂದೆ ತಾಯಿಯರ ಬಗ್ಗೆ ಯೋಚಿಸಿಲ್ಲ ಅನ್ನುವುದು ನನ್ನ ಅನಿಸಿಕೆ. ಇದನ್ನು ನಾನು ಪ್ರತಿನಿಧಿಗಳ ಎದುರೇ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಹೊರಗಿನಿಂದ ಹೋಗುವ ಹಣ ಮಠಕ್ಕೆ, ಶಾಲೆಗೆ ಸರಾಗವಾಗಿ ಹೋಗುತ್ತೆ, ಒಂಟಿ ಮುದುಕಿಗೆ ವಾರಕ್ಕೊಮ್ಮೆ ಬಿ.ಪಿ. ನೋಡಿ ಬರುವ ಒಬ್ಬ ಹುಡುಗಿಯ ಸಂಬಳಕ್ಕೆ ಹೋಗಲ್ಲ.

ಅವಳು ಮುಂದೆ ಬಂದು ಹೋಗುವ ವಿಷಯ. ಐಸಿ ಚಾಲ್ತಿಯಲ್ಲಿದ್ದು ನೋರಿ ಇರುವವರೆಗೆ ಬರುವುದು ಸುಲಭ. ಅಮೆರಿಕದ ಪೌರತ್ವ ಸಿಕ್ಕ ಮೇಲೆ ಅವಳು ವಿದೇಶಿ. ಆಗ ಭಾರತದ ವೀಸಾ ಮಾತ್ರ ಸಾಲಲ್ಲ, ಬೈಲಕುಪ್ಪೆಯಲ್ಲಿ ತಂಗಲು ಪಿಎಪಿ, ಅಂದರೆ ಸಂರಕ್ಷಿತ ಪ್ರದೇಶದ ಅನುಮತಿ ಬೇಕು. ಹುಟ್ಟಿದ ಮನೆಯಲ್ಲಿ ಮಲಗುವುದಕ್ಕೆ ಗೃಹ ಸಚಿವಾಲಯದ ಕಾಗದ. ಆ ಅರ್ಜಿಯನ್ನು ದೆಹಲಿ ಬ್ಯೂರೋ ಮೂಲಕ ಕಳಿಸುತ್ತೇವೆ, ಬರಲು ತಿಂಗಳುಗಳೇ ಹಿಡಿಯುತ್ತೆ. ನಮ್ಮ ಹೊಸವರ್ಷದ ಲೋಸಾರ್ ಹಬ್ಬಕ್ಕೆ ಬರುವವರು ಮಳೆಗಾಲದಲ್ಲೇ ಅರ್ಜಿ ಹಾಕಿರುತ್ತಾರೆ. ಅಮ್ಮನಿಗೆ ತುರ್ತು ಅಂತಾದರೆ ಬ್ಯೂರೋಗೆ ಆಸ್ಪತ್ರೆಯ ಪತ್ರ ಸಮೇತ ಫೋನ್ ಮಾಡಿ ಬೆನ್ನು ಹತ್ತಬೇಕು, ಅವರು ಪ್ರಯತ್ನ ಮಾಡುತ್ತಾರೆ.

ಈಗ ತಕ್ಷಣದ್ದು. ಆರ್‌ಸಿಯಲ್ಲಿ ಅಮ್ಮನ ಹೆಸರಿನ ಅಕ್ಷರ ಬಿಟ್ಟುಹೋಗಿರುವುದನ್ನು ಅವಳು ಅಲ್ಲಿ ಬೈಲಕುಪ್ಪೆಯಲ್ಲಿದ್ದಾಗಲೇ ಸರಿ ಮಾಡಿಸಲಿ. ಮುಂದೆ ಅವಳೇ ಅಮ್ಮನನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಾಗ ಅದೇ ಅಕ್ಷರ ಅಡ್ಡ ಬರುತ್ತೆ. ಮೊದಲು ಕ್ಯಾಂಪಿನ ಮುಖಂಡರ ಹತ್ತಿರ ಮನೆಯ ದಾಖಲೆಯ ನಕಲು ತಗೊಳ್ಳಲಿ, ಅದರ ಮೇಲೆ ಸೆಟ್ಲ್‌ಮೆಂಟ್ ಆಫೀಸಿನ ಪತ್ರ, ಆಮೇಲೆ ಆರ್‌ಸಿ ಕೊಟ್ಟ ಪೊಲೀಸ್ ಕಚೇರಿ. ತಿದ್ದಲು ಒಪ್ಪದಿದ್ದರೆ ಎರಡೂ ಹೆಸರು ಒಬ್ಬರದ್ದೇ ಅಂತ ನೋಟರಿ ಅಫಿಡವಿಟ್ ಮಾಡಿಸಿ, ಬ್ಯೂರೋದ ಪತ್ರಕ್ಕೂ ಈಗಲೇ ಅರ್ಜಿ ಕೊಡಲಿ. ವಕೀಲ ಸರ್, ಅಫಿಡವಿಟ್ ಕರಡು ನೀವು ಮಾಡಿಕೊಡುತ್ತೀರಾ?

ವಕೀಲ_ಹುಣಸೂರು:

ಖಂಡಿತ. ಫೀಸು ಬೇಡ. ಇಬ್ಬರೂ ಆರ್‌ಸಿ, ಗ್ರೀನ್ ಬುಕ್, ಮನೆಯ ದಾಖಲೆಯ ನಕಲು ತೆಗೆದುಕೊಂಡು ಬರಲಿ. ಹುಣಸೂರು ದೂರವಾದರೆ ಶನಿವಾರ ನಾನೇ ಪಿರಿಯಾಪಟ್ಟಣ ಕೋರ್ಟಿನ ಕಡೆ ಬರುತ್ತೇನೆ, ಅಮ್ಮನವರಿಗೆ ಮಂಡಿ ನೋವು ಎಂದಿರಿ, ಅಲ್ಲೇ ಸಹಿ ಹಾಕಿಸಿದರಾಯಿತು. ಮೆಸೇಜ್ ಮಾಡಿ.